ಹೋಸ್ಟಿಂಗ್ ಕಂಪನಿಗಳು ಡೆವಲಪರ್ ಬಳಗದ ಜೊತೆ ಯಾಕೆ ನಿಲ್ಲಬೇಕು?

ಗೋಕರ್ಣದ ಹೋಮ್‌ಸ್ಟೇ, ಶಿರಸಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುವ ಮನೆ, ಹೊನ್ನಾವರ ಕಡೆಯ ಯಕ್ಷಗಾನ ತಂಡ, ಕಾರವಾರದ ಟ್ರಾವೆಲ್ಸ್. ಇಂಥವರ ವೆಬ್‌ಸೈಟ್‌ಗಳು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈಗ ಬೇಕಾದಷ್ಟಿವೆ. ವರ್ಷಕ್ಕೊಮ್ಮೆ ಹೋಸ್ಟಿಂಗ್ ಬಿಲ್ ಬರುತ್ತದೆ, ಕಟ್ಟುತ್ತಾರೆ. ಸೈಟ್ ತೆರೆದುಕೊಳ್ಳುತ್ತಿದ್ದರೆ ಸಾಕು, ಆ ಕಡೆ ಮತ್ತೆ ಯಾರೂ ತಲೆ ಹಾಕುವುದಿಲ್ಲ.

2024ರ ಸೆಪ್ಟೆಂಬರ್ ಕೊನೆಯಲ್ಲಿ ಒಂದು ಘಟನೆ ನಡೆಯಿತು. ವರ್ಡ್‌ಪ್ರೆಸ್ ಎಂಬ ವೆಬ್‌ಸೈಟ್ ಕಟ್ಟುವ ತಂತ್ರಾಂಶದ ಹೋಸ್ಟಿಂಗ್‌ನಲ್ಲಿ ದೊಡ್ಡ ಹೆಸರಾದ ಡಬ್ಲ್ಯುಪಿ ಎಂಜಿನ್ ಎಂಬ ಅಮೆರಿಕದ ಕಂಪನಿಯ ಗ್ರಾಹಕರಿಗೆ ತಮ್ಮ ಸೈಟ್‌ನ ಪ್ಲಗಿನ್ (ಸೈಟ್‌ಗೆ ಹೆಚ್ಚಿನ ಸೌಲಭ್ಯ ಸೇರಿಸುವ ಸಣ್ಣ ತಂತ್ರಾಂಶ) ಅಪ್‌ಡೇಟ್‌ಗಳು ಇದ್ದಕ್ಕಿದ್ದಂತೆ ಸಿಗದಂತಾದವು. ಅವರು ಹಣ ಕಟ್ಟಿದ್ದರು. ಸರ್ವರ್ ಸರಿಯಾಗಿಯೇ ಓಡುತ್ತಿತ್ತು. ತೊಂದರೆ ಬಂದದ್ದು ಬೇರೆ ಕಡೆಯಿಂದ. ಆ ಕಂಪನಿ ತಾನು ಬಳಸುವ ಸಾಫ್ಟ್‌ವೇರ್ ಬರೆದು ನೋಡಿಕೊಳ್ಳುವ ಡೆವಲಪರ್ ಬಳಗಕ್ಕೆ ತನ್ನ ಪಾಲು ಕೊಡುತ್ತಿದೆಯೋ ಇಲ್ಲವೋ ಎಂಬ ಜಗಳದಲ್ಲಿ ಗ್ರಾಹಕರು ಸಿಕ್ಕಿಕೊಂಡಿದ್ದರು.

ಹೋಸ್ಟಿಂಗ್ ಕಂಪನಿಗೂ ಡೆವಲಪರ್ ಬಳಗಕ್ಕೂ ಏನು ಸಂಬಂಧ? ಆ ಸಂಬಂಧ ಕೆಟ್ಟರೆ ಗೋಕರ್ಣದ ಹೋಮ್‌ಸ್ಟೇ ಮಾಲೀಕರಿಗೆ ಯಾಕೆ ಬಿಸಿ ತಟ್ಟುತ್ತದೆ? ಬುಡದಿಂದ ನೋಡೋಣ.

ಹೋಸ್ಟಿಂಗ್ ಅಂದರೆ ಏನು?

ವೆಬ್‌ಸೈಟ್ ಅಂದರೆ ಕೊನೆಗೆ ಒಂದಿಷ್ಟು ಫೈಲುಗಳು. ಪುಟಗಳು, ಫೋಟೋಗಳು, ಬುಕಿಂಗ್ ವಿವರಗಳು. ಹಗಲು ರಾತ್ರಿ ಚಾಲೂ ಇರುವ, ಯಾವಾಗಲೂ ಇಂಟರ್ನೆಟ್ ಸಂಪರ್ಕ ಇರುವ ಕಂಪ್ಯೂಟರ್‌ನಲ್ಲಿ ಅವು ಇರಬೇಕು. ಆ ಕಂಪ್ಯೂಟರ್‌ಗೆ ಸರ್ವರ್ ಎನ್ನುತ್ತೇವೆ. ಇಂಥ ಸರ್ವರ್‌ಗಳನ್ನು ಸಾಲಾಗಿ ಇಟ್ಟ ಕಟ್ಟಡವೇ ಡೇಟಾ ಸೆಂಟರ್. ಅದರಲ್ಲಿ ಸ್ವಲ್ಪ ಜಾಗವನ್ನು ಬಾಡಿಗೆಗೆ ಕೊಡುವುದೇ ಹೋಸ್ಟಿಂಗ್.

ಸಣ್ಣ ಸೈಟ್‌ಗಳವರು ಜಾಸ್ತಿ ಕೊಳ್ಳುವುದು ಶೇರ್ಡ್ ಹೋಸ್ಟಿಂಗ್. ಒಂದೇ ಯಂತ್ರದಲ್ಲಿ ನೂರಾರು ಸೈಟ್‌ಗಳು ಕೂತಿರುತ್ತವೆ. ಅದಕ್ಕೇ ಅಗ್ಗ. ಆದರೆ ಪಕ್ಕದ ಸೈಟ್‌ಗೆ ಯಾರೋ ಕನ್ನ ಹಾಕಿ ಅಲ್ಲಿಂದ ಸ್ಪ್ಯಾಮ್ ಮೇಲ್ ಕಳಿಸಲು ಶುರುಮಾಡಿದರೆ ಇಡೀ ಸರ್ವರ್‌ನ ವಿಳಾಸವೇ ಕಪ್ಪುಪಟ್ಟಿಗೆ ಸೇರಬಹುದು. ಆಗ ಏನೂ ತಪ್ಪು ಮಾಡದ ನಿಮ್ಮ ಬುಕಿಂಗ್ ಮೇಲ್ ಕೂಡ ಗ್ರಾಹಕರ ಸ್ಪ್ಯಾಮ್ ಡಬ್ಬಿಗೆ ಬೀಳುತ್ತದೆ.

ಪುಣೆಯಲ್ಲಿ ಕುಳಿತ ಒಬ್ಬರು ಗೋಕರ್ಣದ ಹೋಮ್‌ಸ್ಟೇ ಸೈಟ್ ತೆರೆದರು ಎಂದುಕೊಳ್ಳಿ. ಮೊದಲು ಸೈಟ್‌ನ ಹೆಸರಿನಿಂದ ಸರ್ವರ್‌ನ ಅಂಕಿ ವಿಳಾಸ ಹುಡುಕುವ ಕೆಲಸ. ಇದನ್ನು ಡಿಎನ್‌ಎಸ್ ಮಾಡುತ್ತದೆ. ಆಮೇಲೆ ಸರ್ವರ್‌ನಲ್ಲಿ ಅಪಾಚಿ ಅಥವಾ ಎಂಜಿನ್ಎಕ್ಸ್ ಎಂಬ ತಂತ್ರಾಂಶ ಆ ಕೋರಿಕೆಯನ್ನು ತೆಗೆದುಕೊಳ್ಳುತ್ತದೆ. ಪಿಎಚ್‌ಪಿ ಭಾಷೆಯಲ್ಲಿ ಬರೆದ ವರ್ಡ್‌ಪ್ರೆಸ್ ಪುಟವನ್ನು ಕಟ್ಟುತ್ತದೆ. ಕೋಣೆಗಳ ವಿವರ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಿಂದ ಬರುತ್ತದೆ. ಬ್ರೌಸರ್‌ನಲ್ಲಿ ಸಂಪರ್ಕ ಸುರಕ್ಷಿತ ಎಂದು ತೋರಿಸುವುದು ಟಿಎಲ್‌ಎಸ್ ಪ್ರಮಾಣಪತ್ರ. ಇದೆಲ್ಲದರ ಕೆಳಗೆ, ಯಂತ್ರವನ್ನೇ ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಇರುತ್ತದೆ. ಇಷ್ಟೂ ಮುಗಿಯುವುದು ಒಂದೆರಡು ಸೆಕೆಂಡಿನಲ್ಲಿ.

ಇದರಲ್ಲಿ ಹೋಸ್ಟಿಂಗ್ ಕಂಪನಿ ಬರೆದದ್ದು ಎಷ್ಟು?

ಹೆಚ್ಚಿನ ಕಡೆ ಬಹಳ ಕಡಿಮೆ. ಲಿನಕ್ಸ್ 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿಯಿಂದ ಶುರುವಾಯಿತು. ಅಪಾಚಿ, ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಮೂರೂ ಹೊರಬಂದದ್ದು 1995ರಲ್ಲಿ. ವರ್ಡ್‌ಪ್ರೆಸ್ 2003ರ ಮೇ ತಿಂಗಳಲ್ಲಿ ಬಂತು, ಎಂಜಿನ್ಎಕ್ಸ್ 2004ರಲ್ಲಿ. ಈಗ ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ವರ್ಡ್‌ಪ್ರೆಸ್ ಮೇಲೆ ನಡೆಯುತ್ತವೆ. ಹಿಂದೆ ಹಣ ಕೊಟ್ಟು ಕೊಳ್ಳಬೇಕಿದ್ದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸಂಸ್ಥೆ 2015ರ ಕೊನೆಯಿಂದ ಎಲ್ಲರಿಗೂ ಬಿಟ್ಟಿಯಾಗಿ ಕೊಡುತ್ತಿದೆ.

ಈ ತಂತ್ರಾಂಶಗಳೆಲ್ಲ ಮುಕ್ತ ತಂತ್ರಾಂಶಗಳು. ಅಂದರೆ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಇವನ್ನು ಬರೆಯುವವರು, ದೋಷ ಹುಡುಕುವವರು, ಕೈಪಿಡಿ ಬರೆಯುವವರು, ಕನ್ನಡದಂಥ ಭಾಷೆಗಳಿಗೆ ತರುವವರು, ಹೊಸಬರ ಪ್ರಶ್ನೆಗೆ ಉತ್ತರ ಕೊಡುವವರು, ಎಲ್ಲರೂ ಸೇರಿದ್ದೇ ಡೆವಲಪರ್ ಬಳಗ. ಕೆಲವರಿಗೆ ಅದಕ್ಕೇ ಸಂಬಳ ಇದೆ. ಎಷ್ಟೋ ಜನ ತಮ್ಮ ಕೆಲಸ ಮುಗಿಸಿ ರಾತ್ರಿ ಹೊತ್ತು ಮಾಡುತ್ತಾರೆ.

ಹೋಸ್ಟಿಂಗ್ ಕಂಪನಿಗೆ ಖರ್ಚಿಲ್ಲ ಎಂದಲ್ಲ. ಯಂತ್ರ, ಕರೆಂಟು, ತಂಪು ಮಾಡುವ ವ್ಯವಸ್ಥೆ, ಇಂಟರ್ನೆಟ್ ಸಂಪರ್ಕ, ಫೋನ್ ಎತ್ತಲು ಜನ, ಎಲ್ಲಕ್ಕೂ ದುಡ್ಡು ಬೇಕು. ಆದರೆ ಗ್ರಾಹಕರು ಬಳಸುವ ಸೌಲಭ್ಯದ ಬಹುಪಾಲು ಆ ಬಳಗದಿಂದ ಬಂದದ್ದು.

ತೋಟ ಮತ್ತು ಸೊಪ್ಪಿನ ಬೆಟ್ಟ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಅಡಿಕೆ ತೋಟ ಒಬ್ಬರದ್ದು, ಆದಾಯ ಬರುವುದೂ ಅಲ್ಲಿಂದಲೇ. ಆದರೆ ತೋಟ ಬದುಕುವುದು ಬೆಟ್ಟದ ಸೊಪ್ಪಿನಿಂದ, ದರಕಿನಿಂದ (ಉದುರಿದ ಒಣ ಎಲೆ). ಅದಕ್ಕೇ ಬ್ರಿಟಿಷರ ಕಾಲದಿಂದ ನಮ್ಮಲ್ಲಿ ತೋಟದ ಜೊತೆ ಬೆಟ್ಟದ ಹಕ್ಕು ಇದೆ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟ. ಬೆಟ್ಟದಲ್ಲಿ ಸುಮ್ನೆ ಸೊಪ್ಪು ಕಡಿಯುತ್ತಾ ಹೋಗಿ, ಗಿಡ ಬೆಳೆಯಲು ಬಿಡದಿದ್ದರೆ ಬೆಟ್ಟ ಬೋಳಾಗುತ್ತದೆ. ಅದರ ಪೆಟ್ಟು ತೋಟಕ್ಕೆ ಬೀಳಲು ಕೆಲವು ವರ್ಷ ಬೇಕು. ಆದರೆ ಬಿದ್ದೇ ಬೀಳುತ್ತದೆ.

ಹೋಸ್ಟಿಂಗ್ ಕಂಪನಿ ತೋಟ, ಡೆವಲಪರ್ ಬಳಗ ಬೆಟ್ಟ. ಒಂದು ವ್ಯತ್ಯಾಸ ಮಾತ್ರ ಇದೆ. ಸೊಪ್ಪು ಕಡಿದರೆ ಕಡಿಮೆಯಾಗುತ್ತದೆ, ಕೋಡ್ ನಕಲು ಮಾಡಿದರೆ ಕಡಿಮೆಯಾಗುವುದಿಲ್ಲ. ಇಲ್ಲಿ ಸವೆಯುವುದು ಅದನ್ನು ನೋಡಿಕೊಳ್ಳುವವರ ಸಮಯ ಮತ್ತು ತಾಳ್ಮೆ. ಬಳಸುವವರು ಹೆಚ್ಚಿದಷ್ಟೂ ದೂರು, ಪ್ರಶ್ನೆ, ದೋಷದ ವರದಿ ಹೆಚ್ಚುತ್ತವೆ. ಉತ್ತರ ಕೊಡುವವರ ಸಂಖ್ಯೆ ತಾನಾಗಿ ಹೆಚ್ಚುವುದಿಲ್ಲ.

ಬೋಳಾದರೆ ಏನಾಗುತ್ತದೆ: ಎರಡು ಘಟನೆಗಳು

ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶ ಇದೆ. ಬ್ರೌಸರ್ ಮತ್ತು ಸರ್ವರ್ ನಡುವಿನ ಮಾತನ್ನು ಗುಟ್ಟಾಗಿಡುವುದು ಅದರ ಕೆಲಸ. ಜಗತ್ತಿನ ಅಸಂಖ್ಯ ಸರ್ವರ್‌ಗಳು ಅದನ್ನು ನಂಬಿಕೊಂಡಿವೆ. 2014ರ ಏಪ್ರಿಲ್‌ನಲ್ಲಿ ಅದರಲ್ಲಿ ಒಂದು ದೊಡ್ಡ ದೋಷ ಬಯಲಾಯಿತು. ಹೆಸರು ಹಾರ್ಟ್‌ಬ್ಲೀಡ್. ದೂರದಲ್ಲಿ ಕುಳಿತ ಯಾರಾದರೂ ಸರ್ವರ್‌ನ ಮೆಮೊರಿಯಿಂದ ಒಂದು ಸಲಕ್ಕೆ 64 ಕಿಲೋಬೈಟ್‌ನಷ್ಟು ಮಾಹಿತಿ ಎಳೆದುಕೊಳ್ಳಬಹುದಿತ್ತು. ಅದರಲ್ಲಿ ಪಾಸ್‌ವರ್ಡ್ ಇರಬಹುದು, ಗುಟ್ಟಿನ ಕೀಲಿ ಇರಬಹುದು. 2012ರಲ್ಲಿ ಹೊರಬಂದ ಆವೃತ್ತಿಯಿಂದಲೂ ಆ ದೋಷ ಅಲ್ಲೇ ಕೂತಿತ್ತು. ಎರಡು ವರ್ಷ!

ಆಗ ಹೊರಬಿದ್ದ ಇನ್ನೊಂದು ಸಂಗತಿ ಜನರನ್ನು ಇನ್ನೂ ಬೆಚ್ಚಿಬೀಳಿಸಿತು. ಇಷ್ಟು ಮುಖ್ಯವಾದ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ಣಾವಧಿ ಕೆಲಸ ಮಾಡುತ್ತಿದ್ದದ್ದು ಒಬ್ಬರೇ. ಎಲ್ಲರೂ ಬಳಸುತ್ತಿದ್ದರು, ಬೇರೆ ಯಾರೋ ನೋಡಿಕೊಳ್ಳುತ್ತಾರೆ ಎಂದುಕೊಂಡಿದ್ದರು. ಆ ಬಳಿಕ ಲಿನಕ್ಸ್ ಫೌಂಡೇಶನ್ ಇಂಥ ಯೋಜನೆಗಳಿಗಾಗಿ ಒಂದು ನಿಧಿ ಶುರುಮಾಡಿತು. ಅದಕ್ಕೆ ಮೊದಲ ಸುತ್ತಿನಲ್ಲೇ ಹಣ ಹಾಕಿದವರಲ್ಲಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಜೊತೆ ರ್‍ಯಾಕ್‌ಸ್ಪೇಸ್ ಎಂಬ ಹೋಸ್ಟಿಂಗ್ ಕಂಪನಿಯೂ ಇತ್ತು.

ಎರಡನೆಯದು 2024ರ ಮಾರ್ಚ್‌ನಲ್ಲಿ ನಡೆದದ್ದು. ಎಕ್ಸ್‌ಝಡ್ ಎನ್ನುವುದು ಫೈಲುಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶ, ಲಿನಕ್ಸ್ ಸರ್ವರ್‌ಗಳಲ್ಲೆಲ್ಲ ಇರುವಂಥದ್ದು. ಅದನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು, ದಣಿದಿದ್ದರು. ಸಹಾಯ ಮಾಡುತ್ತೇನೆ ಎಂದು ಬಂದ ಒಬ್ಬ ಅಪರಿಚಿತ ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ, ಕೊನೆಗೆ ಅದರಲ್ಲಿ ಹಿಂಬಾಗಿಲು, ಅಂದರೆ ಸರ್ವರ್‌ನೊಳಗೆ ಗುಟ್ಟಾಗಿ ನುಗ್ಗುವ ದಾರಿ, ಇಟ್ಟ. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್‌ಗೆ ತಮ್ಮ ಯಂತ್ರದಲ್ಲಿ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎನ್ನಿಸಿತು. ಬೆನ್ನು ಹತ್ತಿ ಹುಡುಕಿದರು, ಸಿಕ್ಕಿತು. ಹೆಚ್ಚಿನ ಸರ್ವರ್‌ಗಳಿಗೆ ಅದು ಹರಡುವ ಮೊದಲೇ ತಡೆದದ್ದಾಯಿತು. ದಣಿದ ಒಬ್ಬರ ಪಕ್ಕದಲ್ಲಿ ಸಂಬಳ ಪಡೆಯುವ ಇನ್ನಿಬ್ಬರು ಪರಿಚಿತರು ಇದ್ದಿದ್ದರೆ, ಆ ಅಪರಿಚಿತನಿಗೆ ಇಷ್ಟು ಸಲೀಸಾಗಿ ಜಾಗ ಸಿಗುತ್ತಿರಲಿಲ್ಲ ಅಲ್ವಾ?

ಕಂಪನಿಗೆ ಏನು ಲಾಭ?

ಹಾಗಾದರೆ ಬಳಗಕ್ಕೆ ನೆರವಾಗುವುದು ದಾನವೇ? ನನ್ನ ಮಟ್ಟಿಗೆ ಇದು ದಾನದ ಲೆಕ್ಕಕ್ಕೆ ಬರುವುದಿಲ್ಲ. ಕಂಪನಿಯ ದಿನದಿನದ ಕೆಲಸ ನೋಡಿದರೆ ಕಾರಣ ಗೊತ್ತಾಗುತ್ತದೆ.

ಪಿಎಚ್‌ಪಿಯ ಆವೃತ್ತಿ ಬದಲಾವಣೆಯನ್ನೇ ತೆಗೆದುಕೊಳ್ಳಿ. ಪಿಎಚ್‌ಪಿ 7.4ಕ್ಕೆ ಸುರಕ್ಷತಾ ತಿದ್ದುಪಡಿ ಬರುವುದು 2022ರ ನವೆಂಬರ್‌ಗೆ ನಿಂತಿತು. ಎಲ್ಲರೂ 8ಕ್ಕೆ ಹೋಗಬೇಕಿತ್ತು. ಹಳೆಯ ಪ್ಲಗಿನ್‌ಗಳಲ್ಲಿ ಕೆಲವು 8ರಲ್ಲಿ ಓಡುವುದಿಲ್ಲ. ಹೋಮ್‌ಸ್ಟೇ ಸೈಟ್ ಒಂದು ಬೆಳಿಗ್ಗೆ ಬರೀ ದೋಷದ ಸಂದೇಶ ತೋರಿಸುತ್ತದೆ. ಮಾಲೀಕರು ಹೋಸ್ಟಿಂಗ್ ಕಂಪನಿಗೆ ಫೋನ್ ಮಾಡುತ್ತಾರೆ. ಅವರು, ಸೈಟ್ ಮಾಡಿದವರನ್ನು ಕೇಳಿ ಎನ್ನುತ್ತಾರೆ. ಸೈಟ್ ಮಾಡಿಕೊಟ್ಟ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿಯಾಗಿದೆ. ಡಿಸೆಂಬರ್ ಸೀಸನ್ ಬೇರೆ. ಒಂದು ಸೈಟ್‌ಗೆ ಹೀಗಾದರೆ ಒಂದು ಫೋನ್. ಸಾವಿರ ಸೈಟ್‌ಗೆ ಆದರೆ ಕಂಪನಿಯ ಸಹಾಯವಾಣಿಯಲ್ಲಿ ಸಾವಿರ ಫೋನ್.

ಬಳಗದ ಒಳಗೆ ತನ್ನ ಎಂಜಿನಿಯರ್‌ಗಳನ್ನು ಇಟ್ಟ ಕಂಪನಿಗೆ ಇದು ತಿಂಗಳುಗಟ್ಟಲೆ ಮುಂಚೆಯೇ ಗೊತ್ತಿರುತ್ತದೆ. ಯಾವ ಬದಲಾವಣೆ ಬರುತ್ತಿದೆ, ಯಾವ ಪ್ಲಗಿನ್ ಮುರಿಯುತ್ತದೆ ಎಂದು ಮೊದಲೇ ಪರೀಕ್ಷೆ ಮಾಡಿ ಗ್ರಾಹಕರಿಗೆ ತಿಳಿಸಬಹುದು. ವರ್ಡ್‌ಪ್ರೆಸ್ ಬಳಗದಲ್ಲಿ ಹೋಸ್ಟಿಂಗ್‌ಗೆಂದೇ ಒಂದು ತಂಡ ಇದೆ. ಕಂಪನಿಗಳು ವರ್ಡ್‌ಪ್ರೆಸ್‌ನ ಹೊಸ ಕೋಡನ್ನು ತಮ್ಮ ಸರ್ವರ್‌ಗಳಲ್ಲಿ ಪರೀಕ್ಷಿಸಿ ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ಇಡಬಹುದು. ತಮ್ಮ ಯಂತ್ರದಲ್ಲಿ ಏನಾದರೂ ಮುರಿದರೆ, ಅದು ಗ್ರಾಹಕರ ಸೈಟ್ ತಲುಪುವ ಮೊದಲೇ ಕಾಣುತ್ತದೆ.

ಇನ್ನೊಂದು ಲಾಭ ನೇರ ವ್ಯಾಪಾರದ್ದು. ಸಣ್ಣ ಊರಿನಲ್ಲಿ ಹೋಸ್ಟಿಂಗ್ ಯಾವುದು ಎಂದು ಆರಿಸುವುದು ಅಂಗಡಿಯ ಮಾಲೀಕರಲ್ಲ. ಸೈಟ್ ಮಾಡಿಕೊಡುವವರು. ಕುಮಟಾದಲ್ಲೋ ಅಂಕೋಲಾದಲ್ಲೋ ಒಬ್ಬ ಹುಡುಗಿ ಹತ್ತು ಅಂಗಡಿಗಳಿಗೆ ಸೈಟ್ ಮಾಡಿದರೆ ಹತ್ತು ಗ್ರಾಹಕರು ಅವಳು ಹೇಳಿದ ಕಡೆ ಹೋಗುತ್ತಾರೆ. ಅವಳು ಯಾವುದನ್ನು ಹೇಳುತ್ತಾಳೆ? ತಾನು ಕಲಿಯುವಾಗ ಸಹಾಯಕ್ಕೆ ಬಂದದ್ದನ್ನು.

ಡಿಜಿಟಲ್‌ಓಶನ್ ಎಂಬ ಹೋಸ್ಟಿಂಗ್ ಕಂಪನಿ ಈ ದಾರಿಯಲ್ಲೇ ಬೆಳೆಯಿತು. ಸರ್ವರ್ ಹೇಗೆ ಸಿದ್ಧಮಾಡುವುದು, ಡೇಟಾಬೇಸ್ ಹೇಗೆ ಹಾಕುವುದು ಎಂದು ಹೆಜ್ಜೆ ಹೆಜ್ಜೆಯಾಗಿ ವಿವರಿಸುವ ಪಾಠಗಳನ್ನು ಅದು ಬರೆಸಿತು. ಬರೆದವರಿಗೆ ಹಣವನ್ನೂ ಕೊಟ್ಟಿತು. ಅದರ ಗ್ರಾಹಕರಲ್ಲದವರೂ ಆ ಪಾಠ ಓದಿಯೇ ಲಿನಕ್ಸ್ ಕಲಿತರು. 2021ರಲ್ಲಿ ಕಂಪನಿ ನ್ಯೂಯಾರ್ಕ್ ಷೇರುಪೇಟೆಗೆ ಬಂತು. ಪಾಠಗಳೊಂದರಿಂದಲೇ ಬಂತು ಎಂದು ನಾನು ಹೇಳುವುದಿಲ್ಲ. ಆದರೆ ಅದರ ಹೆಸರು ಡೆವಲಪರ್‌ಗಳ ಬಾಯಿಗೆ ಬಂದದ್ದರಲ್ಲಿ ಅವುಗಳ ಪಾಲು ದೊಡ್ಡದು.

ನೌಕರರ ವಿಷಯವೂ ಇದೆ. ಬಳಗದಲ್ಲಿ ಚೆನ್ನಾಗಿ ಕೆಲಸ ಮಾಡುವವರು ಯಾರು ಎಂದು ಅಲ್ಲಿ ಓಡಾಡುವ ಕಂಪನಿಗೆ ಗೊತ್ತಿರುತ್ತದೆ. ಬರೀ ಸಂದರ್ಶನದಲ್ಲಿ ಅಷ್ಟು ತಿಳಿಯುವುದಿಲ್ಲ.

ತಪ್ಪು ರೀತಿಯ ನೆರವೂ ಇದೆ

ಇದೇ ಡಿಜಿಟಲ್‌ಓಶನ್ 2014ರಿಂದ ಪ್ರತಿ ಅಕ್ಟೋಬರ್‌ನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ನಡೆಸುತ್ತದೆ. ಮುಕ್ತ ತಂತ್ರಾಂಶಕ್ಕೆ ಇಷ್ಟು ತಿದ್ದುಪಡಿ ಕಳಿಸಿದರೆ ಟೀ ಶರ್ಟ್ ಎಂಬುದು ಮೊದಲಿನ ಯೋಜನೆಯಾಗಿತ್ತು. ಉದ್ದೇಶ ಒಳ್ಳೆಯದೇ, ಹೊಸಬರು ಹೆದರಿಕೆ ಬಿಟ್ಟು ಬರಲಿ ಎಂದು. 2020ರಲ್ಲಿ ಅದು ಕೈಮೀರಿತು. ಟೀ ಶರ್ಟ್ ಆಸೆಗೆ ಸಾವಿರಾರು ಜನ ಅರ್ಥವಿಲ್ಲದ ತಿದ್ದುಪಡಿ ಕಳಿಸಿದರು. ಒಂದು ಪದ ಸೇರಿಸುವುದು, ಒಂದು ಚುಕ್ಕೆ ತೆಗೆಯುವುದು, ಅಷ್ಟೇ. ಅವನ್ನೆಲ್ಲ ನೋಡಿ ತಳ್ಳಿಹಾಕುವ ಕೆಲಸ ಬಿದ್ದದ್ದು ಮೊದಲೇ ದಣಿದವರ ಮೇಲೆ. ಅವರ ಸಿಟ್ಟು ಕಂಡು ಕಂಪನಿ ಅದೇ ತಿಂಗಳು ನಿಯಮ ಬದಲಿಸಿತು. ಸೇರುತ್ತೇವೆ ಎಂದು ತಾವಾಗಿ ಹೇಳಿದ ಯೋಜನೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿತು.

ನೆರವು ಕೊಡುವ ಮೊದಲು ಆ ಕೆಲಸ ಮಾಡುವವರನ್ನೇ ಕೇಳಬೇಕು. ಅವರಿಗೆ ಬೇಕಿರುವುದು ಹೆಚ್ಚಾಗಿ ಬ್ಯಾನರ್ ಅಲ್ಲ, ಉಡುಗೊರೆ ಚೀಲವೂ ಅಲ್ಲ. ವಾರಕ್ಕೆ ಇಷ್ಟು ಗಂಟೆ ಕೊಡುವ ಒಬ್ಬ ಅನುಭವಿ ಎಂಜಿನಿಯರ್, ಪರೀಕ್ಷೆ ಮಾಡಲು ಬಿಟ್ಟಿ ಸರ್ವರ್, ಅಥವಾ ಯಾವ ಷರತ್ತೂ ಇಲ್ಲದೆ ವರ್ಷ ವರ್ಷ ಬರುವ ಹಣ.

2024ರ ಜಗಳ

ಮೊದಲು ಹೇಳಿದ ಘಟನೆಗೆ ಬರೋಣ. ವರ್ಡ್‌ಪ್ರೆಸ್ ಕಟ್ಟಿದವರಲ್ಲಿ ಒಬ್ಬರಾದ ಮ್ಯಾಟ್ ಮುಲ್ಲೆನ್‌ವೆಗ್ 2014ರಲ್ಲಿ ಒಂದು ಸಲಹೆ ಮುಂದಿಟ್ಟಿದ್ದರು. ವರ್ಡ್‌ಪ್ರೆಸ್‌ನಿಂದ ದುಡಿಯುವ ಕಂಪನಿಗಳು ತಮ್ಮ ಜನಬಲದ ಶೇಕಡಾ 5ರಷ್ಟನ್ನು ಅದರ ಬೆಳವಣಿಗೆಗೆ ಕೊಡಲಿ ಎಂದು. ಇದು ಕಡ್ಡಾಯವಲ್ಲ. ಪರವಾನಗಿಯ ಪ್ರಕಾರ ಯಾರೂ ಏನೂ ಕೊಡಬೇಕಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಅವರು ಡಬ್ಲ್ಯುಪಿ ಎಂಜಿನ್ ಕೊಡುವುದು ತೀರಾ ಕಡಿಮೆ ಎಂದು ಬಹಿರಂಗವಾಗಿ ಟೀಕಿಸಿದರು. ವರ್ಡ್‌ಪ್ರೆಸ್ ಹೆಸರಿನ ಬಳಕೆಗೆ ಆದಾಯದ ಶೇಕಡಾ 8ರಷ್ಟು ಹಣ ಅಥವಾ ಅಷ್ಟು ಮೌಲ್ಯದ ಕೆಲಸ ಕೇಳಿದ್ದರು. ತಾವು ಬೇರೆ ಬೇರೆ ರೀತಿಯಲ್ಲಿ ಬಳಗಕ್ಕೆ ಕೊಡುತ್ತಿದ್ದೇವೆ, ಈ ಬೇಡಿಕೆ ಸರಿಯಲ್ಲ ಎಂಬುದು ಆ ಕಂಪನಿಯ ವಾದ. ಮುಲ್ಲೆನ್‌ವೆಗ್ ಅದರ ಸರ್ವರ್‌ಗಳಿಗೆ ವರ್ಡ್‌ಪ್ರೆಸ್‌ನ ಕೇಂದ್ರ ತಾಣದಿಂದ ಅಪ್‌ಡೇಟ್ ಸಿಗದಂತೆ ಮಾಡಿದರು. ಅಕ್ಟೋಬರ್‌ನಲ್ಲಿ ಕಂಪನಿ ಕೋರ್ಟಿಗೆ ಹೋಯಿತು. ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ ಆ ತಡೆ ತೆಗೆಯುವಂತೆ ಮಧ್ಯಂತರ ಆದೇಶ ಕೊಟ್ಟಿತು.

ಇದರ ಬಾಲ ಇನ್ನೂ ಉದ್ದ. 2025ರ ಜನವರಿಯಲ್ಲಿ ಮುಲ್ಲೆನ್‌ವೆಗ್ ಅವರ ಕಂಪನಿ ಆಟೊಮ್ಯಾಟಿಕ್ ತಾನೇ ವರ್ಡ್‌ಪ್ರೆಸ್‌ಗೆ ಕೊಡುತ್ತಿದ್ದ ಸಮಯವನ್ನು ವಾರಕ್ಕೆ 45 ಗಂಟೆಗೆ ಇಳಿಸಿತು. ಮೇ ತಿಂಗಳಲ್ಲಿ ಮತ್ತೆ ಹೆಚ್ಚಿಸುವುದಾಗಿ ಹೇಳಿತು. ಯಾರು ಸರಿ ಎಂದು ತೀರ್ಮಾನಿಸುವ ಜಾಗ ಇದಲ್ಲ. ಆದರೆ ಒಂದು ವಿಷಯ ಎದ್ದು ಕಾಣುತ್ತದೆ. ಜಗತ್ತಿನ ಅಷ್ಟೊಂದು ಸೈಟ್‌ಗಳು ನಿಂತ ತಂತ್ರಾಂಶದ ಭಾರ ಒಂದೇ ಕಂಪನಿಯ ಮೇಲೆ ಅಷ್ಟು ಹೆಚ್ಚಾಗಿ ಬೀಳಬಾರದಿತ್ತು. ಹತ್ತಾರು ಹೋಸ್ಟಿಂಗ್ ಕಂಪನಿಗಳು ಸ್ವಲ್ಪ ಸ್ವಲ್ಪ ಹೊತ್ತಿದ್ದರೆ ಒಬ್ಬರು ಮುನಿಸಿಕೊಂಡಾಗ ಕೆಲಸ ನಿಧಾನವಾಗುತ್ತಿರಲಿಲ್ಲ.

ಕನ್ನಡಕ್ಕೆ ಇದರಿಂದ ಏನು?

ನನಗೆ ಇದು ಎಲ್ಲಕ್ಕಿಂತ ಮುಖ್ಯ. ಸೈಟ್‌ನಲ್ಲಿ ಕನ್ನಡದಲ್ಲಿ ವಿಳಾಸ ಬರೆದು ಸೇವ್ ಮಾಡಿದರೆ ಬರೀ ಪ್ರಶ್ನೆಚಿಹ್ನೆಗಳ ಸಾಲು ಕಾಣುವುದನ್ನು ನೀವೂ ನೋಡಿರಬಹುದು. ಯಾಕೆ ಹೀಗೆ? ಕಂಪ್ಯೂಟರ್ ಪ್ರತಿ ಅಕ್ಷರವನ್ನೂ ಒಂದು ಅಂಕಿಯಾಗಿ ಇಟ್ಟುಕೊಳ್ಳುತ್ತದೆ. ವೆಬ್‌ನಲ್ಲಿ ಈಗ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ 3 ಬೈಟ್ ಜಾಗ ಬೇಕು. ಮೈಎಸ್‌ಕ್ಯೂಎಲ್‌ನ ಹಳೆಯ ಆವೃತ್ತಿಗಳಲ್ಲಿ, ಬೇರೆ ಹೇಳದಿದ್ದರೆ, ಪಶ್ಚಿಮ ಯುರೋಪಿನ ಅಕ್ಷರಗಳಿಗೆ ಮಾಡಿದ ಪದ್ಧತಿಯೇ ಇರುತ್ತಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಹಾಗಾಗಿ ಅಕ್ಷರದ ಬದಲು ಪ್ರಶ್ನೆಚಿಹ್ನೆ ಕೂರುತ್ತದೆ. ಒಮ್ಮೆ ಹಾಗೆ ಕೂತರೆ ಮೂಲ ಬರಹ ಹೋದ ಹಾಗೆಯೇ, ವಾಪಸ್ ಬರುವುದಿಲ್ಲ. 2018ರಲ್ಲಿ ಬಂದ ಮೈಎಸ್‌ಕ್ಯೂಎಲ್ 8.0ರಲ್ಲಿ ಇದು ಸರಿಹೋಯಿತು. ಆದರೆ ಹಳೆಯ ಸರ್ವರ್, ಹಳೆಯ ಸೆಟ್ಟಿಂಗ್ ಇನ್ನೂ ಅಲ್ಲಲ್ಲಿ ಇವೆ.

ಬಿಲ್ಲನ್ನು ಪಿಡಿಎಫ್ ಮಾಡಿದಾಗ ಒತ್ತಕ್ಷರ ಬಿಡಿಬಿಡಿಯಾಗುವುದೂ ಇಂಥದ್ದೇ ಸಮಸ್ಯೆ. ಎಷ್ಟೋ ಪಿಡಿಎಫ್ ತಂತ್ರಾಂಶಗಳಿಗೆ ಕನ್ನಡದ ಒತ್ತು ಹೇಗೆ ಕೂಡಬೇಕು ಎಂಬುದೇ ಗೊತ್ತಿಲ್ಲ. ಅಮೆರಿಕದಲ್ಲಿ ಕುಳಿತ ಎಂಜಿನಿಯರ್ ಎಷ್ಟೇ ಜಾಣನಾದರೂ ಇದು ಅವನ ಕಣ್ಣಿಗೆ ಬೀಳುವುದಿಲ್ಲ. ಕನ್ನಡ ಓದುವವರ ಕಣ್ಣಿಗೇ ಬೀಳಬೇಕು. ಅವರು ಅದನ್ನು ಸರಿಯಾಗಿ ವರದಿ ಮಾಡಲು, ಆಮೇಲೆ ತಾವೇ ತಿದ್ದಲು ಕಲಿತಿರಬೇಕು.

ಅಂಥವರು ನಮ್ಮಲ್ಲಿ ಇದ್ದಾರೆ. ಕಾರವಾರ, ಭಟ್ಕಳ, ಹಳಿಯಾಳದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಆದರೆ ಡೆವಲಪರ್ ಸಭೆ ಎಂದರೆ ಬೆಂಗಳೂರಿಗೆ ರಾತ್ರಿ ಬಸ್ ಹತ್ತಬೇಕು. ಮಳೆಗಾಲದಲ್ಲಿ ಶಿರಸಿ ಕಡೆಯ ಹಳ್ಳಿಗಳಲ್ಲಿ ಕರೆಂಟ್ ಹೋದರೆ ಮೊಬೈಲ್ ಟವರ್ ಕೂಡ ಕೈಕೊಡುತ್ತದೆ, ವಿಡಿಯೋ ಪಾಠ ತೆರೆಯುವುದೇ ಇಲ್ಲ. ಹೋಸ್ಟಿಂಗ್ ಕಂಪನಿಯೊಂದು ಇಲ್ಲಿಗೆ ಬಂದು ಒಂದು ದಿನ ಕುಳಿತು ಕಲಿಸಿದರೆ, ಕೈಪಿಡಿಯನ್ನು ಕನ್ನಡದಲ್ಲಿ ಬರೆಸಿ ಇಳಿಸಿಕೊಳ್ಳುವಂತೆ ಇಟ್ಟರೆ, ವಿದ್ಯಾರ್ಥಿಗಳಿಗೆ ಆರು ತಿಂಗಳು ಬಿಟ್ಟಿ ಸರ್ವರ್ ಕೊಟ್ಟರೆ ಅದರ ಖರ್ಚು ಒಂದು ದೊಡ್ಡ ಜಾಹೀರಾತಿಗಿಂತ ಕಡಿಮೆ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. ಬೆಂಗಳೂರಿನ ಝೆರೋಧಾ ಹೋಸ್ಟಿಂಗ್ ಕಂಪನಿಯಲ್ಲ, ಷೇರು ವ್ಯವಹಾರದ ಕಂಪನಿ. ಅದರ ವ್ಯವಸ್ಥೆ ನಿಂತಿರುವುದೂ ಮುಕ್ತ ತಂತ್ರಾಂಶದ ಮೇಲೆ. 2024ರ ಅಕ್ಟೋಬರ್‌ನಲ್ಲಿ ಅದು ಜಗತ್ತಿನ ಯಾವ ಮೂಲೆಯ ಮುಕ್ತ ಯೋಜನೆಯಾದರೂ ಕೇಳಬಹುದಾದ ಒಂದು ನಿಧಿ ಶುರುಮಾಡಿತು. ವರ್ಷಕ್ಕೆ 10 ಲಕ್ಷ ಡಾಲರ್. ಪಡೆದದ್ದರಲ್ಲಿ ಒಂದು ಪಾಲು ಹಿಂದಿರುಗಿಸುವ ಈ ರೂಢಿ ಹೋಸ್ಟಿಂಗ್‌ನವರಿಗೂ ಬರಲಿ ಎಂಬುದು ನನ್ನ ಆಸೆ.

ಬಿಲ್ ಕಟ್ಟುವ ಮುಂಚೆ

ಗ್ರಾಹಕರಾಗಿ ನೀವು ಕೇಳಬಹುದಾದ ಕೆಲವು ಪ್ರಶ್ನೆಗಳಿವೆ. ಪಿಎಚ್‌ಪಿಯ ಈಗಿನ ಆವೃತ್ತಿ ಇದೆಯೇ, ಹಳೆಯದನ್ನು ತೆಗೆಯುವ ಮುಂಚೆ ತಿಳಿಸುತ್ತೀರಾ ಎಂದು ಕೇಳಿ. ಲೆಟ್ಸ್ ಎನ್‌ಕ್ರಿಪ್ಟ್ ಬಿಟ್ಟಿ ಕೊಡುವ ಪ್ರಮಾಣಪತ್ರಕ್ಕೆ ಬೇರೆ ಹಣ ಕೇಳಿದರೆ ಯಾಕೆ ಎಂದು ಕೇಳಿ. ಕಂಪನಿಯ ಕೈಪಿಡಿ ತೆರೆದು ನೋಡಿ. ಅದನ್ನು ಕೊನೆಯ ಬಾರಿ ತಿದ್ದಿದ್ದು ಯಾವಾಗ ಎಂಬುದರಿಂದಲೇ ಬಹಳಷ್ಟು ತಿಳಿಯುತ್ತದೆ. ನಿಮ್ಮಲ್ಲಿ ಯಾರಾದರೂ ವರ್ಡ್‌ಪ್ರೆಸ್‌ಗೋ ಪಿಎಚ್‌ಪಿಗೋ ಕೆಲಸ ಮಾಡುತ್ತಾರಾ ಎಂಬ ಪ್ರಶ್ನೆಗೆ ಸಹಾಯವಾಣಿಯವರು ತಬ್ಬಿಬ್ಬಾದರೆ ಅದೂ ಒಂದು ಉತ್ತರವೇ. ಒಮ್ಮೆ ಕನ್ನಡದಲ್ಲಿ ಎರಡು ಸಾಲು ಬರೆದು ಸೇವ್ ಮಾಡಿ ನೋಡಿ.

ಸೈಟ್ ಮಾಡಿಕೊಡುವವರನ್ನೂ ಕೇಳಿ, ಈ ಹೋಸ್ಟಿಂಗ್ ಯಾಕೆ ಆರಿಸಿದಿರಿ ಎಂದು. ಅಗ್ಗ ಎಂದಷ್ಟೇ ಹೇಳಿದರೆ ಇನ್ನೊಂದು ಪ್ರಶ್ನೆ ಹಾಕಿ: ನೀವು ಸಿಕ್ಕಿಹಾಕಿಕೊಂಡಾಗ ಅಲ್ಲಿ ಯಾರು ಉತ್ತರ ಕೊಟ್ಟರು?